ಶೇಂಗಾ ಪೊಟ್ಟಣದಲ್ಲಿ ಹೋದ ಕ್ಲಬ್ಬಿನ ಚರಿತ್ರೆ

ನಾನು ಚಿಕ್ಕವಳಿದ್ದಾಗ ಪುಣೆ ಕ್ಯಾಂಪಿನ ಒಂದು ಗಲ್ಲಿಯಲ್ಲಿ ಅಪ್ಪನದು ರದ್ದಿ ಅಂಗಡಿ. ಊರ ಮಂದಿ ಓದಿ ಬಿಸಾಡಿದ ಪತ್ರಿಕೆಗಳೆಲ್ಲ ಕೊನೆಗೆ ನಮ್ಮಲ್ಲಿಗೆ ಬರುತ್ತಿದ್ದವು. ಒಳಗೆ ಕಾಲಿಟ್ಟರೆ ಹಳೇ ಕಾಗದ, ಮಸಿ, ಮೈದಾ ಅಂಟು ಮೂರೂ ಸೇರಿದ ವಾಸನೆ. ದಪ್ಪ ಕಾಗದ ಸಿಕ್ಕರೆ ನಾಲ್ಕು ತುಂಡು ಮಾಡಿ ಪೊಟ್ಟಣ ಅಂಟಿಸುವುದು ಶಾಲೆ ಮುಗಿದ ಮೇಲೆ ನನ್ನ ಕೆಲಸ. ಮೂಲೆಯ ಶೇಂಗಾ ಕಾಕಾ ಅವನ್ನು ಒಯ್ಯುತ್ತಿದ್ದರು. ನನಗೆ ಕೈ ಚುರುಕು, ಕಣ್ಣು ಅಷ್ಟಕ್ಕಷ್ಟೇ.

ಅಕ್ಕ ಒಂಬತ್ತನೆಯ ತರಗತಿ, ಅವಳಿಗೆ ಫುಟ್ಬಾಲ್ ಹುಚ್ಚು. ರದ್ದಿಯಲ್ಲಿ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ದಕ್ಷಿಣ ಅಮೆರಿಕದ ಒಂದು ಕ್ಲಬ್ಬಿನ ಚರಿತ್ರೆ ಕಂತುಕಂತಾಗಿ ಇರುತ್ತಿತ್ತು. ಅಕ್ಕ ಡಿಕ್ಷನರಿ ತೆರೆದು ಓದಿ, ಊಟಕ್ಕೆ ಕೂತಾಗ ನನಗೆ ಹೇಳುತ್ತಿದ್ದಳು. ನದಿ ದಂಡೆಯ ಬಂದರಿನಲ್ಲಿ ಮೂಟೆ ಹೊರುವ ಹಮಾಲರು ಕಟ್ಟಿದ ಕ್ಲಬ್ ಅದು. ಮೊದಲ ಅಂಗಿಗಳನ್ನು ಹಿಟ್ಟಿನ ಚೀಲದಿಂದ ಹೊಲಿದಿದ್ದರಂತೆ. ಬಣ್ಣ ಹಾಕಿದರೂ ಬೆನ್ನ ಮೇಲಿನ ಗಿರಣಿಯ ಹೆಸರು ಹೋಗಿರಲಿಲ್ಲವಂತೆ. ಆಟ ಮುಗಿದ ಮೇಲೆ ಗೋಲಿನ ಕಂಬಗಳನ್ನು ಕಿತ್ತು ಒಬ್ಬ ಆಟಗಾರನ ಮಂಚದ ಕೆಳಗೆ ಇಡುತ್ತಿದ್ದರಂತೆ. ಮುಂದೆ ಒಂದು ವರ್ಷ ನದಿ ಉಕ್ಕಿ ಮೈದಾನವೇ ಕೊಚ್ಚಿಹೋಯಿತು. ಕ್ಲಬ್ ಮುಚ್ಚಬೇಕೋ ಉಳಿಸಬೇಕೋ ಎಂದು ತೀರ್ಮಾನಿಸಲು ಒಂದು ಭಾನುವಾರ ಎಲ್ಲರೂ ಸೇರಿದರು. ಉಳಿಯಲಿ ಎನ್ನುವವರು ಕೈ ಎತ್ತಬೇಕು. ಅಲ್ಲಿಗೆ ಆ ಕಂತು ಮುಗಿದಿತ್ತು.

ಕೊನೆಯ ಕಂತಿನ ಹಾಳೆ ಸಿಕ್ಕ ದಿನ ಅಕ್ಕ ಅದನ್ನು ತಕ್ಕಡಿಯ ಎರಡು ಕಿಲೋ ಗುಂಡಿನ ಕೆಳಗಿಟ್ಟು ಶಾಲೆಗೆ ಹೋದಳು. ಗುಂಡಿನ ಕೆಳಗೆ ಇಟ್ಟದ್ದನ್ನು ಯಾರೂ ಮುಟ್ಟಬಾರದು, ಅದು ಅಂಗಡಿಯ ಕಾಯಿದೆ. ಆದರೆ ಮಧ್ಯಾಹ್ನ ಅಪ್ಪನಿಗೆ ತೂಕಕ್ಕೆ ಆ ಗುಂಡೇ ಬೇಕಾಯಿತು. ನಾನು ಶಾಲೆಯಿಂದ ಬಂದಾಗ ಹಾಳೆ ಸುಮ್ಮನೆ ಬಿದ್ದಿತ್ತು, ದಪ್ಪಗೆ, ನುಣ್ಣಗೆ. ಕತ್ತರಿ ಹಾಕಿಯೇಬಿಟ್ಟೆ.

ಸಂಜೆ ಅಕ್ಕ ಬಂದವಳೇ ಗುಂಡು ಎತ್ತಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇಲ್ಲಿದ್ದ ಹಾಳಿ ಎಲ್ಲದ?"

"ಪೊಟ್ಟಣ ಮಾಡ್ದೆ. ಕಾಕಾ ಒಯ್ದ್ರು."

"ಏ ಹುಚ್ಚಿ, ಓಡ ಮತ್ತ!"

ಇಬ್ಬರೂ ಶೇಂಗಾ ಗಾಡಿಯತ್ತ ಓಡಿದೆವು. ಹುರಿದ ಶೇಂಗಾದ ಹೊಗೆಯಲ್ಲಿ ನಿಂತು ಅಕ್ಕ ಒಂದೊಂದೇ ಪೊಟ್ಟಣ ಬಿಚ್ಚಿದಳು. ಮೂರು ತುಂಡು ಸಿಕ್ಕವು. ಸಭೆ, ಜಗಳ, ಮುದುಕನೊಬ್ಬನ ಭಾಷಣ ಎಲ್ಲ ಇತ್ತು. ಎಷ್ಟು ಕೈ ಎದ್ದವು ಎಂಬುದು ಮಾತ್ರ ನಾಲ್ಕನೆಯದರಲ್ಲಿತ್ತು. "ಮಘಾಶೀಚ್ ದಿಲಿ," ಎಂದರು ಕಾಕಾ ಮರಾಠಿಯಲ್ಲಿ. ಆಗಲೇ ಯಾರಿಗೋ ಕೊಟ್ಟಾಗಿದೆ ಎಂದು ಬೇಕರಿಯ ಕಡೆ ಕೈ ತೋರಿಸಿದರು.

ನಾನು ಅಲ್ಲೇ ನಿಂತು ಗೊಳೋ ಎಂದು ಅಳತೊಡಗಿದೆ. ಅಷ್ಟು ದೊಡ್ಡ ಕ್ಲಬ್ಬನ್ನು ನಾನೇ ಕೈಯಾರೆ ಕೊಂದೆ ಎನಿಸಿತ್ತು. ಅಕ್ಕ ಒಬ್ಬಳೇ ಬೇಕರಿಯತ್ತ ಹೋಗಿ ಬರಿಗೈಯಲ್ಲಿ ಬಂದಳು.

"ಅಳಬ್ಯಾಡ. ಓದಿ ಬಂದೆ. ಎಲ್ಲಾರೂ ಕೈ ಎತ್ಯಾರ. ಕ್ಲಬ್ ಉಳದದ."

ನನಗೆ ಹೋದ ಜೀವ ಬಂದಂತಾಯಿತು. ಕಾಕಾ ಸಮಾಧಾನಕ್ಕೆಂದು ಕೊಟ್ಟ ಹಿಡಿ ಶೇಂಗಾ ತಿನ್ನುತ್ತ ಇಬ್ಬರೂ ಮನೆಗೆ ಬಂದೆವು.

ಮೊಮ್ಮಕ್ಕಳೇ, ಮೊನ್ನೆ ನಿಮಗೆ ಇದನ್ನು ಹೇಳಿದಾಗ ನೀವು ಫೋನಿನಲ್ಲಿ ಅರ್ಧ ನಿಮಿಷ ಹುಡುಕಿ, "ಅಜ್ಜಿ, ಆ ಕ್ಲಬ್ ಆ ಭಾನುವಾರವೇ ಮುಚ್ಚಿತು" ಎಂದುಬಿಟ್ಟಿರಿ. ನಮ್ಮ ಕಾಲದಲ್ಲಿ ಒಂದು ಸುದ್ದಿ ಕೈ ತಪ್ಪಿದರೆ ತಪ್ಪಿತು, ಮತ್ತೆ ಸಿಗುತ್ತಿರಲಿಲ್ಲ. ನಿಮಗೆ ಯಾವುದೂ ತಪ್ಪುವುದಿಲ್ಲ. ನನಗೆ ತಡೆಯಲಾಗಲಿಲ್ಲ, ಇಂದಾಪುರದಲ್ಲಿರುವ ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ಅವತ್ತು ಏನು ಓದಿದೆ ಎಂದು.

"ಎಲ್ಲಿ ಓದೂದು? ನಾ ಹೋಗೂದ್ರಾಗ ಆ ಪೊಟ್ಟಣಾನ ಬೇಕರಿ ಮುಂದಿನ ಆಡು ತಿಂದು ಮುಗಿಸಿತ್ತು," ಎಂದು ನಕ್ಕಳು. "ನೀ ಬೀದ್ಯಾಗ ನಿಂತು ಹೊಯ್ಕೋಲಿಕ್ಹತ್ತಿದ್ದಿ. ಮತ್ತೇನ್ ಹೇಳ್ಲಿ?" ಆಮೇಲೆ ಅವಳೇ ಕೇಳಿದಳು, "ಖರೇ ಏನಾತ ಅದು? ಹುಡುಗ್ರಿಗೆ ಗೊತ್ತಾತೇನು?"

ಇಷ್ಟು ವರ್ಷ ಅವಳಿಗೂ ಗೊತ್ತಿರಲಿಲ್ಲ.

"ಎಲ್ಲಾರೂ ಕೈ ಎತ್ತಿದ್ರಂತ," ಎಂದೆ. "ನೀ ಹೇಳಿದ್ಹಂಗ."

ದೀಪಾವಳಿಗೆ ಅಕ್ಕ ಬರುತ್ತಾಳೆ. ಮಕ್ಕಳೇ, ಅವಳ ಮುಂದೆ ಮಾತ್ರ ಆ ಫೋನು ತೆಗೆಯಬೇಡಿ.