ಬಲಗಡೆಯ ಚಕ್ರಕ್ಕೆ ಬೇರೆ ಅಳತೆ

ನಾನು ಮದುವೆಯಾಗಿ ಶಿಕಾರಿಪುರದ ಈ ಮನೆಗೆ ಬಂದಾಗ ಹಿತ್ತಿಲ ಶೆಡ್ಡಿನಲ್ಲಿ ಒಂದು ಕಾರು ಟಾರ್ಪಾಲು ಹೊದ್ದು ನಿಂತಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮೇಲ್ಛಾವಣಿ ಇಲ್ಲ, ನನ್ನ ಎದೆಮಟ್ಟಕ್ಕೂ ಬಾರದ ಎತ್ತರ. ಹಳೆಯ ಕಾಲದ ವಿಲಾಯತಿ ಸ್ಪೋರ್ಟ್ಸ್ ಕಾರು. ಯಾವುದೋ ಕಾಫಿ ಎಸ್ಟೇಟಿನವರು ಗುಜರಿಗೆ ಹಾಕಲು ಹೊರಟಿದ್ದಾಗ ನಮ್ಮ ಮಾವ ಅದನ್ನು ಕೇಳಿ ತಂದಿದ್ದರಂತೆ. ಟ್ರ್ಯಾಕ್ಟರು, ಜೀಪು, ಟೆಂಪೊಗಳ ತಗಡು ಬಡಿದು ನೇರ ಮಾಡುವ ಟಿಂಕರಿಂಗ್ ಕೆಲಸ ಅವರದು. ಹಗಲೆಲ್ಲ ಅದರಲ್ಲೇ ಕಳೆಯುತ್ತಿತ್ತು. ಮಿಕ್ಕ ಹೊತ್ತೆಲ್ಲ ಈ ಕಾರಿಗೆ. ಎಂಜಿನ್ನು ಬಿಚ್ಚಿ ಕೂಡಿಸಿದ್ದರು, ತುಕ್ಕು ತಿಂದ ತಳಕ್ಕೆ ಹೊಸ ತಗಡು ಹಾಕಿದ್ದರು. ಅತ್ತೆಯ ಒಳ್ಳೆಯ ಸೀರೆಯೊಂದು ಒಮ್ಮೆ ಅದರ ಬಂಪರಿಗೆ ಸಿಕ್ಕಿ ಹರಿದಿತ್ತು. ಆಮೇಲೆ ಅವರು ಆ ಶೆಡ್ಡಿನ ಕಡೆ ಹೋದರೆ ಸೆರಗು ಬಿಗಿಯಾಗಿ ಸುತ್ತಿಕೊಂಡೇ ಹೋಗುತ್ತಿದ್ದರು.

ನನ್ನ ತವರು ಸೊರಬದ ಕಡೆಯ ಕುಪ್ಪಗಡ್ಡೆ. ಹೊಲಿಗೆ ಕಲಿತದ್ದು ಅಲ್ಲೇ. ಇಲ್ಲಿಗೆ ಬಂದ ಮೇಲೆ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯತೊಡಗಿದೆ. ನಮ್ಮ ಮನೆಯವರು ಲಗೇಜ್ ಆಟೊ ಓಡಿಸುತ್ತಾರೆ. ಮಾವನಿಗೂ ನನಗೂ ನೇರ ಮಾತು ಇರಲಿಲ್ಲ. ನೀರು ಬೇಕಾದರೆ ಅವರು ಚೊಂಬು ಎಲ್ಲಿದೆ ಎಂದು ಗೋಡೆಯನ್ನು ಕೇಳುವರು. ನಾನು ಚೊಂಬು ತಂದಿಟ್ಟು ಒಳಗೆ ಹೋಗುವೆ. ಜಗಳವೇನೂ ಇಲ್ಲ, ಬರೀ ಸಂಕೋಚ. ನಮ್ಮ ಕಡೆ ಬಹಳ ಮನೆಗಳಲ್ಲಿ ಹಾಗೇ ನಡೆದು ಬಂದಿದೆ.

ಅವರ ಕೈ ನಡುಗುತ್ತಿರುವುದನ್ನು ಮೊದಲು ಕಂಡವರು ಅತ್ತೆ. ಚಹಾದ ಲೋಟ ಹಿಡಿದರೆ ಅಂಗಿಯ ಮೇಲೆ ಚೆಲ್ಲುತ್ತಿತ್ತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಇದು ನಿಧಾನವಾಗಿ ಬೆಳೆಯುವ ಕಾಯಿಲೆ, ಮಾತ್ರೆಯಲ್ಲಿ ಹಿಡಿತಕ್ಕೆ ತರಬಹುದು, ಪೂರ್ತಿ ಹೋಗುವುದಿಲ್ಲ, ಗ್ರೈಂಡರು ವೆಲ್ಡಿಂಗು ಇನ್ನು ಮುಟ್ಟಕೂಡದು ಎಂದು ಡಾಕ್ಟರು ಹೇಳಿದರು. ಮಾವ ತಗಡಿನ ಕೆಲಸ ಮಾಡುತ್ತಿದ್ದ ಗ್ಯಾರೇಜಿನ ಬಾಗಿಲು ಎಳೆದು ಬಂದರು. ಆಮೇಲೆ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂರುವುದು, ಊಟಕ್ಕೆ ಏಳುವುದು, ಮತ್ತೆ ಬಂದು ಕೂರುವುದು. ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ಆಗ ಕಾರು ಓಡಿಸಲು ಅಡ್ಡಿಯಾಗಿ ಉಳಿದಿದ್ದದ್ದು ಒಂದೇ ತೊಡಕು. ಅದರ ಅಳತೆಯ ಹಳೆಯ ಟೈರು ಎಲ್ಲೂ ಸಿಗದೆ ಅಗಲದ ಚಕ್ರ, ಅಗಲದ ಟೈರು ಹಾಕಿದ್ದರು. ಅವು ಮಡ್‌ಗಾರ್ಡಿನಿಂದ ಅಂಗೈ ಅಗಲ ಹೊರಗೆ ಚಾಚಿಕೊಂಡಿದ್ದವು. ಮಳೆ ಬಂದು ನಿಂತ ಮೇಲೆ ನಮ್ಮ ಮನೆಯವರು ಒಮ್ಮೆ ಬಸ್‌ಸ್ಟ್ಯಾಂಡಿನ ತನಕ ಓಡಿಸಿ ನೋಡಿದಾಗ ಬಾಗಿಲು, ಗಾಜು ಎಲ್ಲ ಕೆಸರು. ದಾರಿಯಲ್ಲಿ ಹೋಗುತ್ತಿದ್ದ ಹಿರಿಯರೊಬ್ಬರ ಬಿಳಿ ಪಂಚೆಗೂ ಸಿಡಿದು, ಅವರಿಂದ ಬೈಸಿಕೊಂಡೂ ಬಂದರು. ಅದಕ್ಕೆ ಮದ್ದು ಫೆಂಡರ್ ಫ್ಲೇರು: ಮಡ್‌ಗಾರ್ಡಿನ ಅಂಚಿಗೆ ಕೂಡಿಸುವ, ಚಕ್ರದ ಮೇಲೆ ಹೊರಚಾಚಿ ನಿಲ್ಲುವ ಕಮಾನು. ನಮ್ಮ ಮನೆಯವರು ಮೊಬೈಲಿನಲ್ಲಿ ಹುಡುಕಿ ಫೈಬರಿನ ಫ್ಲೇರು ತರಿಸಿದರು. ಬಂದದ್ದು ಬೇರೆ ಯಾವುದೋ ಕಾರಿನದು. ಮಾವ ಒಂದನ್ನು ಚಕ್ರದ ಮೇಲೆ ಹಿಡಿದು ನೋಡಿದರು. ನಡುವೆ ಉಬ್ಬಿ, ಎರಡೂ ತುದಿ ಗಾಳಿಯಲ್ಲಿ ನಿಂತವು. ಅದನ್ನು ನೆಲಕ್ಕಿಟ್ಟು, ಟಾರ್ಪಾಲು ಎಳೆದು, ಇನ್ನು ಇದನ್ನು ಗುಜರಿಗೆ ಹಾಕಿಬಿಡಿ ಎಂದು ಮಗನಿಗೆ ಹೇಳಿದರು.

ಮಾರನೆಯ ದಿನ ಚಹಾ ಕೊಡಲು ಹೋದಾಗ ಆ ಫ್ಲೇರು ಅಲ್ಲೇ ಬಿದ್ದಿತ್ತು. ಟಾರ್ಪಾಲಿನ ಕೆಳಗೆ ಚಕ್ರದ ಮೇಲಿನ ಕಮಾನು ಕಾಣುತ್ತಿತ್ತು. ಒಂದನ್ನು ನೋಡಿ ಇನ್ನೊಂದನ್ನು ನೋಡಿದೆ. ರವಿಕೆಯ ಕಂಕುಳ ಸುತ್ತು ಒಂದು ಅಳತೆ, ತೋಳು ಇನ್ನೊಂದು ಅಳತೆ. ದಿನಾ ನೋಡುವ ಸಂಗತಿ ಅದು. ಬಾಯಿ ತಡೆಯಲಿಲ್ಲ.

“ಮಾವಾರೆ, ಇದು ಬೇರೆಯವರ ಅಳತೆಗೆ ಕತ್ತರಿಸಿದ ತೋಳು. ನಡುವೆ ಬಿಚ್ಚಿ ಕೂಡಿಸಿದ್ರೆ ಕೂರುತ್ತೆ.”

ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಅಲ್ಲಿಯ ತನಕ ಹಾಗೆ ನೋಡಿದ್ದಿಲ್ಲ.

“ರವಿಕೆಗೆ ಹಿಡಿದಂಗೆ ತಗಡಿಗೆ ಟಕ್ಸ್ ಹಿಡಿಯಾಕಾಗಲ್ಲವ್ವ,” ಎಂದರು.

ಇದು ತಗಡಲ್ಲವಲ್ಲ, ಫೈಬರು ಎಂದೆ. ಅವರಿಗೆ ನಗು ಬಂತು. ಫ್ಲೇರನ್ನು ಕೈಗೆತ್ತಿಕೊಂಡು ತಿರುಗಿಸಿದರು. ಕತ್ತರಿಸಿದ ಜಾಗಕ್ಕೆ ಫೈಬರ್ ಬಟ್ಟೆ ಇಟ್ಟು ಅಂಟು ಬಳಿದರೆ ಮತ್ತೆ ಒಂದಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ನಾನು ಕೋಣೆಗೆ ಓಡಿಹೋಗಿ ಬ್ರೌನ್ ಪೇಪರು, ಗುರುತು ಹಾಕುವ ಸೀಮೆಸುಣ್ಣ, ಅಳತೆ ಟೇಪು ತಂದೆ.

ಮಧ್ಯಾಹ್ನ ಊಟವಾದ ಮೇಲೆ, ಹೊಲಿಗೆಗೆ ಬಿಡುವು ಮಾಡಿಕೊಂಡು ನಾನು ಶೆಡ್ಡಿಗೆ ಹೋಗುವ ರೂಢಿ ಹಾಗೆ ಶುರುವಾಯಿತು. ಎಡಗಡೆಯ ಚಕ್ರದ ಮೇಲೆ ಪೇಪರು ಹಿಡಿದು, ಗಮ್‌ಟೇಪು ಅಂಟಿಸಿ, ಅಲ್ಲಲ್ಲಿ ಚಿಟಿಕೆ ಹಿಡಿದು ಕಮಾನಿನ ಮಾದರಿ ತೆಗೆದೆ. ಮಾವ ಕಲ್ಲಿನ ಮೇಲಿಂದಲೇ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಹೇಳುತ್ತಿದ್ದರು. ಎಡಗಡೆಯದು ಸಿಕ್ಕಿದರೆ ಬಲಗಡೆಯದು ಸಿಕ್ಕ ಹಾಗೇ, ಅದೇ ಪೇಪರನ್ನು ಮಗುಚಿ ಹಾಕಿದರಾಯಿತು ಎಂದುಕೊಂಡಿದ್ದೆ. ಮಗುಚಿ ಹಾಕಿದರೆ ಹಿಂದಿನ ತುದಿಯಲ್ಲಿ ಬೆರಳು ತೂರುವಷ್ಟು ಸಂದು.

ಮಾವ ಎದ್ದು ಬಂದು ಅಂಗೈಯಿಂದ ಬಲಗಡೆಯ ಮಡ್‌ಗಾರ್ಡು ಸವರಿದರು. ಎಸ್ಟೇಟಿನಲ್ಲಿದ್ದಾಗ ಕಾರು ಆ ಮಗ್ಗುಲು ಯಾವುದೋ ಮರಕ್ಕೆ ತಾಗಿತ್ತಂತೆ. ಯಾರೋ ಬಡಿದು ಬಣ್ಣ ಹೊಡೆದು ಮುಚ್ಚಿದ್ದರು. ಆ ಮಗ್ಗುಲನ್ನೆಲ್ಲ ಕತ್ತರಿಸಿ ಹೊಸದಾಗಿ ಬಡಿಯಬೇಕು, ಅದು ಇನ್ನು ತಮ್ಮ ಕೈಲಾಗದ ಮಾತು ಎಂದು ಮತ್ತೆ ಹೋಗಿ ಕೂತರು. ಕೈಗಳು ತೊಡೆಯ ಕೆಳಗೆ ಹೋದವು.

ನನಗೆ ಸಂಕಟವಾಯಿತು. ಆದರೆ ಇಷ್ಟು ವರ್ಷ ನಾನು ನೋಡಿದ ಹೆಂಗಸರಲ್ಲಿ ಎರಡೂ ಭುಜ ಒಂದೇ ಸಮ ಇದ್ದವರು ಯಾರೂ ಇಲ್ಲ. ಕೊಡ ಹೊತ್ತ ಮಗ್ಗುಲು ಇಳಿದಿರುತ್ತದೆ, ಮಗು ಎತ್ತಿದ ಮಗ್ಗುಲು ಏರಿರುತ್ತದೆ. ಹಾಗಂತ ಯಾರಿಗೂ ರವಿಕೆ ಇಲ್ಲ ಎಂದು ಕಳಿಸಿದ್ದಿಲ್ಲ. ಬಲಗಡೆಗೆ ಬೇರೆಯೇ ಅಳತೆ ತೆಗೆಯೋಣ, ಇದ್ದ ಮೈಗೆ ಹೊಲಿಯೋಣ ಎಂದೆ.

ಅವರ ಕೆಲಸದ ಮರ್ಯಾದೆಗೆ ಅದು ಒಗ್ಗುವ ಮಾತಾಗಿರಲಿಲ್ಲ. ಕೊನೆಗೆ ಎದ್ದು ಕಾರಿನ ಎದುರಿಗೆ ದೂರದಲ್ಲಿ ಹೋಗಿ ನಿಂತರು. ಎರಡೂ ಪಕ್ಕ ಒಟ್ಟಿಗೆ ಕಾಣುವುದು ಎದುರಿನಿಂದ ಮಾತ್ರ, ಹಾಗಾಗಿ ಕಮಾನಿನ ನೆತ್ತಿ ಎರಡೂ ಕಡೆ ಒಂದೇ ಎತ್ತರ ಇರಲೇಬೇಕು, ಕೆಳಗಿನ ತುದಿಗಳು ಹೇಗಿದ್ದರೂ ನಡೆಯುತ್ತದೆ ಎಂದರು. ನನಗೆ ಅದು ಹೊಳೆದೇ ಇರಲಿಲ್ಲ. ನೆತ್ತಿಗೆ ಗುರುತು ಹಾಕಿಕೊಂಡು, ಅಲ್ಲಿಂದ ಕೆಳಕ್ಕೆ ಬಲಗಡೆಯ ಮಾದರಿಯನ್ನು ಹೊಸದಾಗಿ ಕತ್ತರಿಸಿದೆ.

ಫೈಬರು ಕೊಯ್ದು ಕೂಡಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟದ ಕೆಲಸ ಮಡ್‌ಗಾರ್ಡಿನ ಒಳ ಅಂಚನ್ನು ಕೊಯ್ಯುವುದು. ಅದನ್ನು ತೆಗೆಯದಿದ್ದರೆ ಟೈರು ಉಜ್ಜುತ್ತದೆ. ಹೆಚ್ಚು ತೆಗೆದರೆ ಮತ್ತೆ ಹಾಕಲು ಬರುವುದಿಲ್ಲ. ಬಟ್ಟೆಗೆ ಕತ್ತರಿ ಹಾಕುವ ಮುಂಚಿನ ಆ ಒಂದು ಗಳಿಗೆಯ ಅಳುಕು ನನಗೆ ಗೊತ್ತು. ಗ್ರೈಂಡರು ಹಿಡಿದಾಗ ಅದು ಹತ್ತು ಪಟ್ಟಾಯಿತು. ಕನ್ನಡಕ, ಕೈಗವಸು ಹಾಕಿ, ಸೀರೆಯ ಬದಲು ನಮ್ಮ ಮನೆಯವರ ಪ್ಯಾಂಟು ತೊಟ್ಟಿದ್ದೆ. ಹೆದರಿಕೆಯಾಗುತ್ತಿದೆ ಎಂದು ಮಾವನಿಗೆ ಹೇಳಿಯೂಬಿಟ್ಟೆ.

“ಹೆದರಿಕೆ ಇರ್ಲಿ,” ಎಂದರು. “ಅದು ಇಲ್ದೋರು ಗ್ರೈಂಡರ್ ಮುಟ್ಟಬಾರ್ದು. ಒತ್ತಬ್ಯಾಡ, ಅದರ ಪಾಡಿಗೆ ಅದನ್ನ ಬಿಡು.”

ಕಿಡಿ ಹಾರಿತು. ಸೀಮೆಸುಣ್ಣದ ಗೆರೆಯ ಮೇಲೆ ಹೋದೆ. ಉಂಗುರದಂತೆ ಬಾಗಿದ ತಗಡಿನ ಪಟ್ಟಿ ಕಳಚಿ ಬಿದ್ದಾಗ ಹಿಂದಿನಿಂದ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಕೊಯ್ದ ಅಂಚಿಗೆ ತುಕ್ಕು ಹಿಡಿಯದ ಹಾಗೆ ಕೆಂಪು ಪ್ರೈಮರ್ ಬಳಿಯಬೇಕು. ನಾನು ಬ್ರಷ್ಷಿಗೆ ಕೈ ಹಾಕಿದರೆ ಅವರೇ ತೆಗೆದುಕೊಂಡರು. ಇದು ಒಳಮಗ್ಗುಲು, ಕೈ ಅಲ್ಲಾಡಿದರೂ ನಡೆಯುತ್ತದೆ ಎಂದು ನೆಲಕ್ಕೆ ಗೋಣಿ ಹಾಸಿ, ಮೈ ಚಾಚಿ ಮಲಗಿ ಬಳಿದರು. ಮುಂಗೈ, ಗಡ್ಡ ಎಲ್ಲ ಕೆಂಪಾದವು. ಒಂದು ಕಡೆಯೂ ಬಿಟ್ಟಿರಲಿಲ್ಲ.

ಬೋಲ್ಟು ಬಿಗಿಯುವ ಮುಂಚೆ ಭಾರ ಹಾಕಿ ನೋಡಬೇಕಿತ್ತು. ಜನ ಕೂತು ಕಾರು ತಗ್ಗಿದಾಗ, ಚಕ್ರ ಪೂರ್ತಿ ತಿರುಗಿದಾಗ ಟೈರು ಫ್ಲೇರಿಗೆ ತಾಗಬಾರದು. ನಮ್ಮ ಮನೆಯವರು ಸ್ಟೀರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಕೂರಲು ಅತ್ತೆಯನ್ನೇ ಕರೆದೆ. ಬಹಳ ಬೇಡಿಕೊಂಡ ಮೇಲೆ ಸೆರಗು ಸುತ್ತಿಕೊಂಡು ಬಂದು, ಗೊಣಗುತ್ತಾ ಒಳಗಿಳಿದರು. ಒಂದು ಕಡೆ ಕರಕರ ಸದ್ದು ಬಂತು. ಅಲ್ಲಿ ಅರದಿಂದ ಉಜ್ಜಿ ಸರಿ ಮಾಡಿದೆ. ಕೆಲಸ ಮುಗಿದರೂ ಅತ್ತೆ ಏಳಲಿಲ್ಲ. ಸೀಟಿನ ಎರಡೂ ಬದಿ ತಡವಿ ನೋಡಿ ಕೇಳಿದರು:

“ಎಲೆಡಿಕೆ ಚೀಲ ಎಲ್ಲಿಡಾದು ಇದ್ರಾಗೆ?”

ಮಾವ ನಕ್ಕಿದ್ದು ನೋಡಿ ನಮ್ಮ ಮನೆಯವರಿಗೂ ನನಗೂ ಎಷ್ಟೋ ದಿನದ ಭಾರ ಇಳಿದ ಹಾಗಾಯಿತು.

ಫ್ಲೇರಿಗೂ ಮಡ್‌ಗಾರ್ಡಿಗೂ ನಡುವೆ ಸಂದು ಮುಚ್ಚುವ ರಬ್ಬರ್ ಬೀಡಿಂಗ್ ಬರುತ್ತದೆ. ರವಿಕೆಯ ಕೊರಳಿಗೆ ಪೈಪಿಂಗ್ ಕೊಟ್ಟ ಹಾಗೇ ಅದು, ಆ ಕೆಲಸಕ್ಕೆ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಬಣ್ಣ ಮಾತ್ರ ಊರಿನ ಪೇಂಟರ್ ಒಬ್ಬರು ಬಂದು ಹೊಡೆದುಕೊಟ್ಟರು, ಕಡು ಹಸಿರು.

ಮೊದಲ ಸಲ ದೂರ ಹೋಗಿದ್ದು ಸೊರಬದ ದಾರಿಯಲ್ಲಿ, ನನ್ನ ತವರಿಗೆ. ಹಿಂದಿನ ದಿನ ಮಳೆ ಬಂದಿತ್ತು. ಓಡಿಸಿದವಳು ನಾನೇ. ಡ್ರೈವಿಂಗ್ ಕಲಿತು ಲೈಸೆನ್ಸ್ ಮಾಡಿಸಿದ್ದೆನಾದರೂ ಓಡಿಸಿದ್ದೆಲ್ಲ ಮನೆಯ ಲಗೇಜ್ ಆಟೊ ಮಾತ್ರ. ಕಾರಿನಲ್ಲಿ ಕೂತರೆ ರಸ್ತೆಯ ಮೇಲೇ ಕೂತ ಹಾಗಿತ್ತು. ಮಾವ ಪಕ್ಕದಲ್ಲಿದ್ದರು. ದಾರಿಯಲ್ಲಿ ಕುರಿ ಹಿಂಡು ಅಡ್ಡ ಬಂತು. ಕುರಿ ಕಾಯುವವರು ಕಾರು ನೋಡುತ್ತ ನಿಂತುಬಿಟ್ಟರು, ಕುರಿಗಳೂ ನಿಂತವು. ಮಾವ ಅವರಿಗೆ ಕಾರಿನ ಹುಟ್ಟು, ಊರು ಎಲ್ಲ ವಿವರಿಸಿದ ಮೇಲೆಯೇ ದಾರಿ ಸಿಕ್ಕಿದ್ದು. ಮುಂದೆ ಒಂದು ಕೆಸರಿನ ತಿರುವು. ದಾಟಿದ ಮೇಲೆ ಮಾವ ಹೊರಗೆ ಬಾಗಿ ಬಾಗಿಲು ನೋಡಿದರು, ಮತ್ತೆ ಹಿಂದಕ್ಕೆ ಒರಗಿ ಕೂತರು. ಒಂದು ಹನಿಯೂ ಸಿಡಿದಿರಲಿಲ್ಲ.

ಕುಪ್ಪಗಡ್ಡೆಯಲ್ಲಿ ನಮ್ಮಪ್ಪ ಗದ್ದೆಯಿಂದ ಹಾಗೇ ಬಂದು, ಕಾಲಿನ ಕೆಸರು ತೊಳೆಯದೆ ಕಾರಿನ ಸುತ್ತ ಬಂದರು. ಬೀಗರ ಕೈಚಳಕ ದೊಡ್ಡದು ಎಂದು ಹೊಗಳಿದರು. ಮಾವ ತಲೆ ಅಲ್ಲಾಡಿಸಿದರು.

“ತಗಡಿನ ಕೆಲಸ ನಂದ್ರೀ. ಕಟಿಂಗ್ ಎಲ್ಲ ನಿಮ್ಮ ಮಗಳದ್ದು.”

ನಾನು ನೀರು ತರುವ ನೆಪ ಮಾಡಿ ಒಳಗೆ ಹೋದೆ. ಕಣ್ಣು ತುಂಬಿತ್ತು, ಅಮ್ಮನಿಗೆ ಒಲೆಯ ಹೊಗೆ ಎಂದೆ. ಅಮ್ಮನ ಅಡುಗೆಮನೆಯಲ್ಲಿ ಈಗ ಗ್ಯಾಸ್ ಇದೆ.

ಮಾವನ ಕೈ ನಡುಗುವುದು ನಿಂತಿಲ್ಲ. ಮಾತ್ರೆ ಒಮ್ಮೆ ಹೆಚ್ಚಿಸಿದ್ದಾರೆ. ಆದರೆ ಶೆಡ್ಡಿನ ಬಾಗಿಲು ಬೆಳಿಗ್ಗೆ ತೆರೆಯುತ್ತದೆ. ಈಸೂರಿನ ಕಡೆಯ ರೈತರೊಬ್ಬರು ತಮ್ಮ ಹಳೆಯ ಜೀಪಿನ ಚಕ್ರಕ್ಕೂ ಅಂಥದೇ ಕಮಾನು ಬೇಕೆಂದು ಬಂದು ಹೋಗಿದ್ದಾರೆ. ಜೀಪಿನ ಎರಡೂ ಮಗ್ಗುಲನ್ನು ಮೊದಲು ಬೇರೆ ಬೇರೆಯಾಗಿ ಅಳೆಯಬೇಕು ಎಂದು ಮಾವ ಅವರಿಗೆ ತಿಳಿಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನ್ನ ಮಿಷನ್ನಿನ ಪಕ್ಕದಲ್ಲಿ ಸದ್ಯ ಒಂದು ದಪ್ಪ ಕ್ಯಾನ್ವಾಸ್ ಬಟ್ಟೆಯ ಸುರುಳಿ ಇದೆ. ಕಾರಿಗೆ ಮಡಚುವ ಮೇಲ್ಛಾವಣಿ ಆಗಬೇಕು. ಹಬ್ಬದ ರವಿಕೆಗಳು ಮುಗಿದ ಮೇಲೆ ಕತ್ತರಿ ಹಾಕುತ್ತೇನೆ.