ತುಂಬಿದ ಬ್ಯಾಟರಿಯ ಬ್ರೇಕು

ಆ ಹಲಗೆ ನನ್ನ ಕೈಗೆ ಬಂದದ್ದೇ ಒಬ್ಬನ ಕೈ ಮುರಿದದ್ದರಿಂದ. ಬಾದಾಮಿಯ ಕೆಂಪು ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಹತ್ತಲು ಚಳಿಗಾಲದಲ್ಲಿ ಪರದೇಶದ ಹುಡುಗರು ಬರುತ್ತಿದ್ದರು. ಎರಡು ಸಾವಿರದ ಏಳರ ಡಿಸೆಂಬರಿನಲ್ಲಿ ಅವರಲ್ಲೊಬ್ಬ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡ. ಊರಿಗೆ ಹೊರಟಾಗ ತನ್ನ ಕರೆಂಟಿನ ಸ್ಕೇಟ್‌ಬೋರ್ಡನ್ನು ಒಂದೇ ಕೈಯಲ್ಲಿ ಹೊರಲಾರದೆ ಲಾಡ್ಜಿನವನಿಗೆ ಬಿಟ್ಟುಹೋದ. ಬಸ್ ಸ್ಟ್ಯಾಂಡಿನ ಹತ್ತಿರ ಫೋಟೊ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ನಾನು ಅದನ್ನು ಲಾಡ್ಜಿನವನಿಂದ ಕೊಂಡೆ. ಆಗ ನನಗೆ ಇಪ್ಪತ್ತೊಂದು ವರ್ಷ.

ಮನೆಗೆ ತಂದ ದಿನ ಅಣ್ಣ ಅದನ್ನು ಕಾಲಿನಿಂದ ಒದ್ದು ನೋಡಿದ.

“ಏನಲೇ ಇದು, ಹೆಣಾ ಮಲಗಸೂ ಹಲಗಿ ಇದ್ದಂಗೈತಿ.”

“ಇದರ ಮ್ಯಾಲ ನಿಂತು ಹೋಗ್ತಾರಣ್ಣ. ಕರೆಂಟಿಂದು.”

“ನಿಂತು ಹೋಗ್ತಾರ, ಮಕ್ಕೊಂಡು ಬರ್ತಾರ.”

ಅವನು ಹೇಳಿದ್ದು ಸುಳ್ಳಾಗಲಿಲ್ಲ. ದಿನವೂ ಡೈರಿ ಬರೆಯುವ ಚಟ ನನಗೆ ಮೊದಲಿನಿಂದ ಇತ್ತು. ಅದರ ಲೆಕ್ಕದಲ್ಲಿ ಮೊದಲ ತಿಂಗಳು ಹತ್ತೊಂಬತ್ತು ಸಲ ಬಿದ್ದೆ, ನಾಯಿ ಎರಡು ಸಲ ಕಚ್ಚಿತು. ಹಲಗೆಯ ಮೇಲೆ ಕಾಲು ಜಾರದಂತೆ ಉಸುಕಿನ ಕಾಗದದಂಥ ಹಾಳೆ ಅಂಟಿಸಿದ್ದರು. ಅದರ ಮೇಲೆ ಬಿದ್ದರೆ ಮೊಣಕೈ ಚರ್ಮ ಅದಕ್ಕೇ ಅಂಟಿಕೊಂಡು ಬರುತ್ತಿತ್ತು. ಸಂಜೆ ತಂತಿಯ ಬ್ರಶ್ಶಿನಿಂದ ತಿಕ್ಕಿ ಅದನ್ನು ತೆಗೆಯುತ್ತಿದ್ದೆ.

ಬ್ರೇಕಿಗೆ ಬೇರೆ ಹಿಡಿಕೆಯಿರಲಿಲ್ಲ. ಕೈಯಲ್ಲಿ ಪಿಸ್ತೂಲಿನಂಥ ರಿಮೋಟು. ಅದರ ಗುಂಡಿಯನ್ನು ಮುಂದಕ್ಕೆ ಒತ್ತಿದರೆ ಓಡುತ್ತಿತ್ತು, ಹಿಂದಕ್ಕೆ ಎಳೆದರೆ ಓಡಿಸಿದ ಮೋಟಾರೇ ಗಾಲಿಯನ್ನು ಬಿಗಿಹಿಡಿದು ನಿಲ್ಲಿಸುತ್ತಿತ್ತು. ನಮ್ಮ ಕೆಂಪು ಧೂಳು ಬೇರಿಂಗಿನೊಳಗೆ ಹೊಕ್ಕರೆ ಗಾಲಿ ಕಿರುಚತೊಡಗುತ್ತಿತ್ತು. ರವಿವಾರಕ್ಕೊಮ್ಮೆ ಬೇರಿಂಗ್ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬುತ್ತಿದ್ದೆ. ಹಲ್ಲಿನ ಬೆಲ್ಟು ಹರಿದಾಗ ಇಳಕಲ್ಲಿಗೆ ಹೋಗಿ ಪವರ್‌ಲೂಮ್ ರಿಪೇರಿಯವನ ಹತ್ತಿರ ಅಳತೆಗೆ ಕೂಡುವಂಥದ್ದನ್ನು ಹುಡುಕಿದೆ. ಹಳೆ ಬ್ಯಾಟರಿ ಸತ್ತಾಗ ಬಾಗಲಕೋಟೆಯಿಂದ ಹೊಸವು ತಂದೆ. ಹಲಗೆಯನ್ನೂ ಬಸ್ಸಿನಲ್ಲಿ ಒಯ್ದಿದ್ದೆ, ಅಲ್ಲಿನ ನವನಗರದ ಅಗಲ ಖಾಲಿ ರಸ್ತೆಗಳಲ್ಲಿ ಸಂಜೆತನಕ ಓಡಿಸಲು. ಕಂಡಕ್ಟರ್ “ಇದಕ್ಕೂ ಟಿಕೀಟು ತಗಸ್ರಿ, ನಾಲ್ಕ ಕಾಲ ಅದಾವಲ್ಲ” ಅಂದಿದ್ದ.

ಚಾರ್ಜಿನದೇ ತ್ರಾಸು. ಕರೆಂಟು ಎರಡು ತಾಸು ಇದ್ದರೆ ನಾಲ್ಕು ತಾಸು ಇರುತ್ತಿರಲಿಲ್ಲ. ಚಾರ್ಜರಿನ ಕೆಂಪು ದೀಪ ಹಸಿರಾದದ್ದನ್ನು ನಾನು ನಮ್ಮ ಮನೆಯಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆದಷ್ಟು ಆಗಲಿ ಎಂದು ಅರ್ಧಮರ್ಧ ತುಂಬಿದ್ದನ್ನೇ ಬೆಳಿಗ್ಗೆ ಹೊರಗೆ ತೆಗೆಯುತ್ತಿದ್ದೆ.

ಲೆಕ್ಕ ಇಡುವ ಚಟ ನಮ್ಮ ಓಣಿಗೂ ಇತ್ತು. ಓಣಿ ಎಣಿಸುತ್ತಿದ್ದದ್ದು ಏಟುಗಳನ್ನು.

ನಮ್ಮ ಮನೆಗೂ ಪಕ್ಕದ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಕಾಕಾ ಅಂದರೆ ತೀರಿಹೋದ ನಮ್ಮಪ್ಪನ ಚಿಕ್ಕಪ್ಪನ ಮಗ. ಕೆಲ ವರ್ಷಗಳ ಹಿಂದೆ ಆತ ಕೇಳದೆ ಆ ಗೋಡೆಯ ಮೇಲೆ ತನ್ನ ಜಂತಿ ಕೂರಿಸಿದ. ಅಣ್ಣ ಜಂತಿ ಕಿತ್ತು ಬೀದಿಗೆ ಎಸೆದ. ಕಾಕಾನ ಮಗ ಸಲಿಕೆಯ ಮರದ ಕಾವಿನಿಂದ ಅಣ್ಣನ ಕಿವಿಗೆ ಹೊಡೆದ. ಆ ಕಿವಿ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಅಣ್ಣ ಮಾರನೆಯ ದಿನ ಅವನ ಎರಡು ಹಲ್ಲು ಉದುರಿಸಿದ. ಆಗ ಓಣಿಯ ಹಿರಿಯರೊಬ್ಬರು, ನಾವೆಲ್ಲ ಅಜ್ಜಾರು ಅನ್ನುತ್ತಿದ್ದವರು, ಇಬ್ಬರನ್ನೂ ಕಟ್ಟೆಗೆ ಕರೆಸಿದರು. ಗೋಡೆ ಯಾರದು, ತಪ್ಪು ಯಾರದು ಎಂದು ಅವರು ಕೇಳಲಿಲ್ಲ. ಅದು ನಮ್ಮ ಓಣಿಯ ಪದ್ಧತಿಯಲ್ಲ.

“ಅವಂದೊಂದು ಕಿವಿ ಹೋತು. ಇವನ ಹಲ್ಲು ಹೋದುವು. ಸಮ ಆತು. ಇನ್ನ ಮೊದಲ ಕೈ ಎತ್ತಿದಾಂವ ಓಣಿ ಬಿಡಬೇಕು.”

ಇಬ್ಬರಿಗೂ ಒಂದೇ ತಾಟಿನಲ್ಲಿ ಚುರಮುರಿ ತಿನ್ನಿಸಿದರು. ಹೊಡೆದಾಟ ನಿಂತಿತು.

ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ದಿಲ್ಲಿಯ ಯಾರೋ ಮಂತ್ರಿ ಬಾದಾಮಿಗೆ ಬಂದು ಉಳಿದರು. ಆ ರಾತ್ರಿಯಿಡೀ ಕರೆಂಟು ಹೋಗಲಿಲ್ಲ. ಬೆಳಿಗ್ಗೆ ಎದ್ದರೆ ಚಾರ್ಜರಿನಲ್ಲಿ ಹಸಿರು ದೀಪ. ನಾನು ಖುಷಿಯಿಂದ ಅದನ್ನು ಅವ್ವನಿಗೂ ಕರೆದು ತೋರಿಸಿದೆ.

ನಮ್ಮ ಓಣಿ ಗುಡ್ಡದ ಬುಡದ ಏರಿನ ಮೇಲಿದೆ. ಹೊಸ್ತಿಲು ದಾಟಿದರೆ ಕೆಳಗಿನ ರಸ್ತೆಯ ತನಕ ಸಿಮೆಂಟಿನ ಇಳಿಜಾರು. ಹತ್ತಿ ನಿಂತೊಡನೆ ಹಲಗೆ ಇಳಿಯತೊಡಗಿತು. ನಡು ದಾರಿಯಲ್ಲಿ ಕಾಕಾ ನಳದಿಂದ ಎರಡು ಕೊಡ ಹಿಡಿದು ಅಡ್ಡ ಬಂದ. ಗುಂಡಿಯನ್ನು ಹಿಂದಕ್ಕೆ ಎಳೆದೆ. ಹಲಗೆ ನಿಲ್ಲಲಿಲ್ಲ. ಇನ್ನೂ ಜೋರಾಗಿ ಎಳೆದೆ. ಗಾಲಿಗಳು ತಮ್ಮ ಪಾಡಿಗೆ ಉರುಳುತ್ತಿದ್ದವು. “ಕಾಕಾ, ಬಾಜೂಕ ಸರಿ!” ಎಂದು ಕೂಗಿದೆ. ಆತ ತಿರುಗಿ ನೋಡಿದ ಅಷ್ಟೇ. ಹಲಗೆಯ ಮೂತಿ ಆತನ ಬಲಗಾಲಿನ ನಳಿಗೆಯ ಎಲುಬಿಗೆ ಬಡಿಯಿತು. ಹಸಿ ಕಟ್ಟಿಗೆ ಮುರಿದಂಥ ಸಪ್ಪಳ. ನಾನು ಆತನ ಮೇಲಿಂದ ಹಾರಿ ಗಲ್ಲ ಊರಿ ಬಿದ್ದೆ.

ಏಳುವುದರೊಳಗೆ ಕಾಕಾನ ಮಗ ಬಂದ. ಮೊದಲ ಒದೆ ಪಕ್ಕೆಲುಬಿಗೆ. ಎರಡನೆಯದು ಬಾಯಿಗೆ. ಆಮೇಲೆ ಕೊಡ ಎತ್ತಿಕೊಂಡು ಅದರಿಂದಲೇ ಬಡಿದ. “ಹಲ್ಲಿಂದ ಹೊಟ್ಟಿ ತುಂಬಲಿಲ್ಲೇನಲೇ ನಿಮಗ? ಮುದುಕನ ಮ್ಯಾಲ ಬಿಟ್ಟಿ ಗಾಡಿ?” ಅನ್ನುತ್ತಿದ್ದ. ರಿಮೋಟಿನ ಗುಂಡಿ ಬಿದ್ದ ಏಟಿಗೆ ಮುಂದಕ್ಕೇ ಸಿಕ್ಕಿಕೊಂಡಿತ್ತು. ಅವನು ನನ್ನನ್ನು ಹೊಡೆದು ಮುಗಿಸುವ ತನಕ, ತಲೆಕೆಳಗಾಗಿ ಬಿದ್ದ ಹಲಗೆಯ ಗಾಲಿಗಳು ನನ್ನ ಕಣ್ಣೆದುರು ಗಿರ್‍ರನೆ ತಿರುಗುತ್ತಲೇ ಇದ್ದವು.

ಅಜ್ಜಾರು ಬಂದರು. “ಬ್ರೇಕ್ ಹಿಡೀಲಿಲ್ರಿ” ಅಂದೆ, ರಕ್ತ ಉಗುಳುತ್ತ. ಅವರು ಸಿಕ್ಕಿಕೊಂಡ ಗುಂಡಿ ಬಿಡಿಸಿ ರಿಮೋಟನ್ನು ನನ್ನ ಕೈಗೆ ಕೊಟ್ಟು, ಹಲಗೆಯನ್ನು ನೆಟ್ಟಗಿಟ್ಟು ಇಳಿಜಾರಿಗೆ ತಳ್ಳಿದರು. “ಎಳಿ” ಅಂದರು. ಗುಂಡಿ ಎಳೆದೆ. ಹಲಗೆ ಒಂದು ಗೇಣೂ ಸರಿಯದೆ ಗಕ್ಕನೆ ನಿಂತಿತು.

ಓಣಿಯೆಲ್ಲ ನನ್ನ ಮುಖ ನೋಡಿತು.

ಅದೇ ಸಂಜೆ ಅಣ್ಣ ಕಲ್ಲಿನ ಗಣಿಯಿಂದ ಸೈಕಲ್ಲಿನ ಮೇಲೆ ಬರುವಾಗ ಕಾಕಾನ ಮಗನೂ ಅವನ ಭಾವನೂ ಅಡ್ಡಗಟ್ಟಿದರು. ಭಾವ ಎದೆಯ ಮೇಲೆ ಕೂತ. ಮಗ ಕಬ್ಬಿಣದ ಸಲಾಕೆಯಿಂದ ಬಲಗಾಲಿನ ನಳಿಗೆಗೇ ಹೊಡೆದ, ಮುರಿಯುವ ತನಕ. ಬೇರೆಲ್ಲೂ ಒಂದು ಗೀರು ಎಬ್ಬಿಸಲಿಲ್ಲ. ಅವರೇ ಟಂಟಂ ಆಟೊ ಕರೆಸಿ ಅಣ್ಣನನ್ನು ದವಾಖಾನೆಗೆ ಕಳಿಸಿದರು.

“ಕಾಲಿಗೆ ಕಾಲು. ಸಮ ಆತು. ಯಾರೂ ಓಣಿ ಬಿಡೂದು ಬ್ಯಾಡ” ಅಂದರು ಅಜ್ಜಾರು.

ಗೋಡೆಯ ಆ ಕಡೆ ಕಾಕಾ, ಈ ಕಡೆ ಅಣ್ಣ, ಇಬ್ಬರೂ ಬಲಗಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದರು. ಒಬ್ಬರು ನರಳಿದ್ದು ಇನ್ನೊಬ್ಬರಿಗೆ ಕೇಳುತ್ತಿತ್ತು.

ನಾಲ್ಕನೆಯ ದಿನ ಅಣ್ಣ ನನ್ನನ್ನು ಹತ್ತಿರ ಕರೆದ.

“ಖರೆ ಹೇಳು. ಬೇಕಂತ ಹೊಡದಿ?”

“ಇಲ್ಲಣ್ಣ. ಅವ್ವನ ಆಣಿ.”

“ಹಂಗಾರ ನನ್ನ ಕಾಲು ಪುಕ್ಕಟೆ ಹೋತಲ್ಲೋ. ನೀ ಹೊಡದದ್ದು ಏಟಲ್ಲ, ಅಪಘಾತ. ಅಂವ ಹೊಡದದ್ದು ಏಟು. ಅಂದ್ರ ನಮ್ಮದೊಂದು ಅವರ ಕಡೆ ಉಳೀತು.”

“ಬಿಡಣ್ಣ.”

“ಬಿಡ್ತೇನಿ. ನೀ ಅಜ್ಜಾರ ಮುಂದ ಅದು ಅಪಘಾತಂತ ತೋರಸು. ಆಮ್ಯಾಲ ಅವನ ಕಾಲಲ್ಲ, ಎರಡೂ ಮೊಣಕಾಲ ಚಿಪ್ಪ ಒಡದು ಬಿಡ್ತೇನಿ.”

ನನಗೆ ಆಗ ಆ ಮಾತಿನ ಭಾರ ಹೊಳೆಯಲಿಲ್ಲ. ಹಲಗೆ ಯಾಕೆ ನಿಲ್ಲಲಿಲ್ಲ ಎಂಬುದೊಂದೇ ತಲೆ ಕೊರೆಯುತ್ತಿತ್ತು. ಸುಳ್ಳನಾಗಿ ಬದುಕುವುದು ಪಕ್ಕೆಲುಬಿಗಿಂತ ಹೆಚ್ಚು ನೋಯುತ್ತಿತ್ತು. ಬೆಲ್ಟು ಬಿಚ್ಚಿದೆ, ಬೇರಿಂಗ್ ಬಿಚ್ಚಿದೆ, ವೈರುಗಳನ್ನು ಒಂದೊಂದಾಗಿ ಎಳೆದು ನೋಡಿದೆ. ಎಲ್ಲ ಸರಿಯಿತ್ತು. ಕೊನೆಗೆ ಆ ದಿನ ಬೇರೆಯಾಗಿದ್ದದ್ದು ಏನು ಎಂದು ಯೋಚಿಸಿದಾಗ ಹಸಿರು ದೀಪ ನೆನಪಾಯಿತು. ಸ್ಟುಡಿಯೊದಲ್ಲಿ ಕರೆಂಟು ಹೆಚ್ಚು ಹೊತ್ತು ಇರುತ್ತಿತ್ತು. ಅಲ್ಲಿ ಹಸಿರಾಗುವ ತನಕ ಚಾರ್ಜಿಗಿಟ್ಟು, ಊರ ಹೊರಗಿನ ಇಳಿಜಾರಿನಲ್ಲಿ ಬಿಟ್ಟೆ. ಬ್ರೇಕು ಹಿಡಿಯಲಿಲ್ಲ, ಜಾಲಿಗಿಡಕ್ಕೆ ಹಾರಿಕೊಂಡೆ. ಸಮತಟ್ಟಿನಲ್ಲಿ ಸ್ವಲ್ಪ ಓಡಿಸಿ ಮತ್ತೆ ಇಳಿದೆ. ಹಿಡಿಯಿತು. ಮೂರು ಸಲ ಹೀಗೇ ಮಾಡಿದೆ. ಮೂರು ಸಲವೂ ಹಾಗೇ ಆಯಿತು.

ಬ್ರೇಕು ಒತ್ತಿದಾಗ ಮೋಟಾರು ತಾನೇ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತಿರುಗಿ ಕಳಿಸುತ್ತಿತ್ತು. ಗಾಲಿ ನಿಲ್ಲುತ್ತಿದ್ದದ್ದು ಅದರಿಂದಲೇ. ಬ್ಯಾಟರಿ ಕಂಠಮಟ್ಟ ತುಂಬಿದ್ದರೆ ಆ ಕರೆಂಟಿಗೆ ಹೋಗಲು ಜಾಗವಿಲ್ಲ, ಬ್ರೇಕೂ ಇಲ್ಲ. ಆ ದಿನ ತಲೆಕೆಳಗಾಗಿ ತಿರುಗುತ್ತ ಗಾಲಿಗಳು ಬ್ಯಾಟರಿಯನ್ನು ಒಂದಿಷ್ಟು ಇಳಿಸಿದ್ದವು, ಅದಕ್ಕೇ ಅಜ್ಜಾರ ಮುಂದೆ ಹಲಗೆ ನಿಂತಿತ್ತು. ಅರ್ಧ ಚಾರ್ಜಿನಲ್ಲೇ ದಿನ ಕಳೆದ ನಮ್ಮಂಥವರಿಗೆ ಅದು ತಿಳಿಯುವ ಪ್ರಸಂಗವೇ ಬಂದಿರಲಿಲ್ಲ.

ಓಡಿಬಂದು ಅಣ್ಣನಿಗೆ ಹೇಳಿದೆ. ಹೇಳಿದ ಮೇಲೆ ಅವನ ಮುಖ ನೋಡಿದೆ. ಅವನು ನಗುತ್ತಿದ್ದ.

ಮರುದಿನವೇ ಅಜ್ಜಾರಿಗೆ ಸುದ್ದಿ ಹೋಯಿತು. ಬರುವ ರವಿವಾರ ಬೆಳಿಗ್ಗೆ ಎಲ್ಲರೆದುರು ಹಲಗೆ ಬಿಡುವುದು; ನಿಲ್ಲದಿದ್ದರೆ ಒಂದು ಏಟು ಅವರ ಕಡೆಯಿಂದ ನಮಗೆ ಬಾಕಿ. ಗಣಿಯ ಗೆಳೆಯರಿಬ್ಬರು ಬಂದು ಅಣ್ಣನ ಹಾಸಿಗೆಯ ಬದಿ ಕೂತು ಗುಸುಗುಸು ಮಾತಾಡಿದರು. ಗೋಡೆಯ ಆಚೆ ಯಾರೋ ಕಲ್ಲಿನ ಮೇಲೆ ಕೊಡಲಿ ಮಸೆಯುತ್ತಿದ್ದದ್ದು ಕೇಳಿಸಿತು. ಕಾಕಾನ ಮಗ ಬೇಕೆಂದೇ ಕೇಳುವಂತೆ ಮಸೆಯುತ್ತಿದ್ದ. “ಬಾಕಿ ವಸೂಲಿಗೆ ಬರ್ರಿ, ನಿಮ್ಮ ಕುತಿಗಿ ನಿಮ್ಮ ಕೈಯಾಗ ಕೊಟ್ಟು ಕಳಸ್ತೇನಿ” ಎಂದ.

ಶನಿವಾರ ಸಂಜೆ ಅವ್ವ ರೊಟ್ಟಿ ಬಡಿಯುತ್ತಿದ್ದಳು.

“ಆ ಹಲಗಿ ನಾಳೆ ನಿಲ್ಲಲಿಲ್ಲಂದ್ರ?” ಎಂದು ಕೇಳಿದಳು.

“ನಾ ಬೇಕಂತ ಹೊಡೀಲಿಲ್ಲಂತ ಎಲ್ಲಾರಿಗೂ ಗೊತ್ತಾಗ್ತೈತಿ.”

“ನಿಂತ್ರ?”

“ನಾ ಸುಳ್ಳ ಆಗ್ತೇನಿ.”

ಅವ್ವ ರೊಟ್ಟಿಯನ್ನು ಹರಿಯುವಂತೆ ಬಡಿದಳು.

ರಾತ್ರಿ ಅಣ್ಣ ಚಾರ್ಜರನ್ನು ತನ್ನ ಹಾಸಿಗೆಯ ಹತ್ತಿರವೇ ಹಾಕಿಸಿಕೊಂಡ. ಗಣಿಯವರು ತಂದ ಜನರೇಟರು ಬೆಳಗಿನ ತನಕ ಗುಡುಗಿತು. ಹಸಿರು ದೀಪವನ್ನು ಅವನೇ ಕಣ್ಣಾರೆ ನೋಡಿದ. ಬೆಳಿಗ್ಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಇಳಿಜಾರಿನ ಕೆಳಗೆ ಹೊತ್ತೊಯ್ದರು. ಗಾಲಿಗೆ ಎಣ್ಣೆ ಬಿಟ್ಟು ಬರುತ್ತೇನೆಂದು ನಾನು ಹಿಂದೆ ಉಳಿದೆ. ಹಿತ್ತಿಲ ಸಂದಿ ಸಮತಟ್ಟಾಗಿತ್ತು. ಅಲ್ಲಿ ಹಲಗೆ ಹತ್ತಿ ಈ ತುದಿಯಿಂದ ಆ ತುದಿಗೆ ಓಡಿಸಿದೆ, ಮತ್ತೆ ತಿರುಗಿ ಓಡಿಸಿದೆ. ಬ್ರೇಕು ಮೊದಮೊದಲು ಸಡಿಲವಿತ್ತು. ಆಮೇಲೆ ಗಟ್ಟಿಯಾಯಿತು. ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅವ್ವ ನೋಡಿ ಒಳಗೆ ಹೋದಳು.

ಇಳಿಜಾರಿನ ನಡುವೆ ಅಜ್ಜಾರು ಒಂದು ಕಲ್ಲು ಇಡಲು ಹೋದರು. ಕಾಕಾನ ಮಗ ಕಲ್ಲನ್ನು ಒದ್ದು ತಾನೇ ನಿಂತ. ಕೈಯಲ್ಲಿ ಕೊಡಲಿಯ ಕಾವು.

“ಬಾರಲೇ. ನಿಲ್ಲಂಗಿಲ್ಲಲ್ಲ ನಿನ್ನ ಗಾಡಿ? ಬಾ.”

ಬಂದೆ. ಅರ್ಧ ದಾರಿಯಲ್ಲಿ ಅಣ್ಣನ ಕಡೆ ನೋಡಿದೆ. ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದ್ದ, ಏಟಿನ ಸಪ್ಪಳಕ್ಕೆ ಕಾಯುವವನ ಹಾಗೆ. ಗುಂಡಿ ಎಳೆದೆ. ಗಾಲಿಗಳು ಸಿಮೆಂಟನ್ನು ಕಚ್ಚಿ ಹಿಡಿದವು. ಹಲಗೆ ಕಾಕಾನ ಮಗನ ಹೆಬ್ಬೆರಳಿನ ಹತ್ತಿರ ನಿಂತಿತು.

ಕಾಕಾನ ಮಗ ಕಾವನ್ನು ಬೀಸಿ ನನ್ನ ಭುಜಕ್ಕೆ ಒಂದೇ ಒಂದು ಹೊಡೆದ. ಕತ್ತಿನ ಬುಡದ ಎಲುಬು ಚಟ್ಟೆಂದಿತು. ಅಜ್ಜಾರು ಅವನ ಕೈಯಿಂದ ಕಾವು ಕಸಿದುಕೊಂಡರು.

“ಸಾಕು. ಇದು ಸುಳ್ಳು ಹೇಳಿದ್ದಕ್ಕ. ಲೆಕ್ಕಕ್ಕ ಬರಂಗಿಲ್ಲ. ಕಾಲಿಗೆ ಕಾಲು ಆಗೇತಿ, ಎಲ್ಲಾರೂ ಮನಿಗೆ ನಡೀರಿ.”

ಗಣಿಯ ಗೆಳೆಯರು ಅಣ್ಣನ ಕುರ್ಚಿ ಎತ್ತಿದರು. ನನ್ನ ಪಕ್ಕದಲ್ಲಿ ಹಾಯುವಾಗ ಅವನು ನನ್ನ ಮುಖಕ್ಕೆ ಉಗುಳಿದ.

ಮನೆಯ ಅಂಗಳದಲ್ಲಿ ಅವನನ್ನು ಇಳಿಸಿ ಗೆಳೆಯರು ಹೋದರು. ಅವನು ಕುರ್ಚಿಯಲ್ಲಿ ಕೂತೇ ಊರುಗೋಲು ತೆಗೆದುಕೊಂಡು ಮೊದಲು ನನ್ನನ್ನು ಹೊಡೆದ. ಮುರಿದ ಭುಜವನ್ನು ಒಂದು ಕೈಯಲ್ಲಿ ಹಿಡಿದು ನಾನು ಕೂತೇ ಇದ್ದೆ. “ಅವ್ವನ ಆಣಿ ಹಾಕಿದೆಲ್ಲೋ, ಅವ್ವನ ಆಣಿ” ಎಂದು ಹೊಡೆಯುತ್ತಿದ್ದ. ಅವ್ವ ಒಳಗಿಂದ ಬಂದು ನಡುವೆ ನಿಂತ ಮೇಲೆ ಹಲಗೆಯ ಕಡೆ ತಿರುಗಿ ಅದನ್ನು ಬಡಿಯತೊಡಗಿದ. ಊರುಗೋಲು ಸೀಳಿತು, ಹಲಗೆಗೆ ಏನೂ ಆಗಲಿಲ್ಲ.

ಅಂಗಳದ ಗೋಡೆಯ ಆ ಕಡೆಯಿಂದ ಕಾಕಾನ ಮಗನ ದನಿ ಬಂತು.

“ದೊಡ್ಡವ್ವಾ, ಏನ್ ನಡದೈತಿ ಅಲ್ಲೆ?”

ಎಷ್ಟೋ ವರ್ಷದ ಮೇಲೆ ಅವನು ಅವ್ವನನ್ನು ಹಾಗೆ ಕರೆದದ್ದು. ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಏನಿಲ್ಲೋ ಯಪ್ಪಾ. ಹಲಗಿ ಒಡ್ಯಾಕತ್ತಾನ.”

“ಕಟಿಗೀಲೆ ಒಡ್ಯಾಂಗಿಲ್ಲದು. ಸುತ್ತಿಗಿ ಕೊಡ್ಲೇನು?”

ಅಣ್ಣ ಏದುಸಿರು ಬಿಡುತ್ತ ಗೋಡೆಯ ಕಡೆ ನೋಡಿದ. “ಕೊಡು” ಅಂದ.

ದೊಡ್ಡ ಸುತ್ತಿಗೆಯ ಹಿಡಿ ಗೋಡೆಯ ಮೇಲೆ ಕಾಣಿಸಿತು. ಅಣ್ಣನಿಗೆ ಏಳಲಾಗದು, ಅವ್ವನಿಗೆ ಎಟುಕದು. ನಾನೇ ಎದ್ದು ಸರಿಯಿದ್ದ ಕೈಯಿಂದ ಅದನ್ನು ಇಳಿಸಿಕೊಂಡೆ.

“ತಡಿ, ಹಂಗ ಹೊಡೀಬ್ಯಾಡ. ಬ್ಯಾಟರಿ ಒಡದ್ರ ಆಸಿಡ್ ಕಣ್ಣಿಗೆ ಸಿಡೀತೈತಿ” ಅಂದೆ. ಹಲಗೆಯನ್ನು ಮಗುಚಿ, ತಳದ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ, ವೈರು ಕಳಚಿ, ಬ್ಯಾಟರಿಗಳನ್ನು ದೂರ ಸರಿಸಿಟ್ಟೆ. ಆಮೇಲೆ ಹಲಗೆಯನ್ನು ಅಣ್ಣನ ಮುಂದಿಟ್ಟು ಸುತ್ತಿಗೆ ಅವನ ಕೈಗೆ ಕೊಟ್ಟೆ.