ಮುತ್ಯಾನ ಪಿಕಪ್ ಏನು ಕುಡಿದು ಓಡಿತು?

ಮೊದಲೇ ಹೇಳಿಬಿಡುತ್ತೇನೆ, ಇದನ್ನು ನೀವು ನಂಬುವುದಿಲ್ಲ. ನಂಬಿ ಅಂತ ನಾನೂ ಕೈಕಾಲು ಹಿಡಿಯುವುದಿಲ್ಲ. ನಮ್ಮ ಓಣಿಯಲ್ಲಿ ನನ್ನ ಮಾತಿನ ಬೆಲೆ ಎಷ್ಟೆಂದರೆ, ನಾನು "ಮಳೆ ಬಂತು" ಎಂದು ಕೂಗಿದರೆ ಯಾರೂ ಹಗ್ಗದ ಮೇಲಿನ ಬಟ್ಟೆ ತೆಗೆಯುವುದಿಲ್ಲ, ಮೊದಲು ಹೊರಗೆ ಬಂದು ಆಕಾಶ ನೋಡುತ್ತಾರೆ. ಹಲ್ಲಿ ಕಂಡರೆ ಉಡ ಎನ್ನುತ್ತೇನೆ, ಉಡ ಕಂಡರೆ ಮೊಸಳೆ ಎನ್ನುತ್ತೇನೆ. ಅದು ನನ್ನ ಹುಟ್ಟುಗುಣ, ಕೇಳುವವರಿಗೂ ಖುಷಿ. ಆದರೆ ಹೋದ ಬೇಸಿಗೆಯ ಆ ಮಧ್ಯಾಹ್ನ ನಡೆದದ್ದನ್ನು ಹಿಗ್ಗಿಸಲು ನನಗೇ ಧೈರ್ಯವಾಗಲಿಲ್ಲ. ಅದು ತಾನಾಗಿಯೇ ಅಷ್ಟು ಹಿಗ್ಗಿತ್ತು.

ಅದಕ್ಕೂ ಮೊದಲು ಇಂಥ ಮಾತು ಬಂದರೆ ನಾನೇ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ನಮ್ಮ ಮುತ್ಯಾ, ಅಂದರೆ ಅಪ್ಪನ ಅಪ್ಪ, "ಹಳೀ ಗಾಡಿಗಿ ಮನಿ ವಾಸನಿ ಗೊತ್ತಾಗ್ತದ" ಎನ್ನುತ್ತಿದ್ದ. ಗಾಡಿಗೆ ಇರುವುದು ಸೈಲೆನ್ಸರ್, ಅದೂ ಹಿಂದುಗಡೆ. ಮೂಗೆಲ್ಲಿ ಬಂತು ಮುತ್ಯಾ ಎಂದು ನಾನು ಕೇಳುತ್ತಿದ್ದೆ. ಆತ ಬಯ್ಯುತ್ತಿರಲಿಲ್ಲ. ಬಾಯಲ್ಲಿನ ಎಲೆ ಅಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸುತ್ತಿದ್ದ.

ಗಾಡಿಯ ವಿಷಯ ಹೇಳಬೇಕು. ಅದೊಂದು ಡೀಸೆಲ್ ಪಿಕಪ್. ನನಗಿಂತ ಹಿರಿಯದು, ಹಾಗಾಗಿ ಅದನ್ನು ಕಂಡರೆ ನಾನು ನಮಸ್ಕಾರ ಮಾಡಬೇಕು. ಎಡಗಡೆ ಬಾಗಿಲಿಗೆ ಹಗ್ಗ, ಬಲಗಡೆ ಬಾಗಿಲಿಗೆ ದೇವರ ದಯೆ. ಹಾರ್ನ್ ಒತ್ತಿದರೆ ವೈಪರ್ ಆಡುತ್ತದೆ, ವೈಪರ್ ಹಾಕಿದರೆ ಏನೂ ಆಗುವುದಿಲ್ಲ. ಮುತ್ಯಾ ಅದರಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣು ತುಂಬಿಕೊಂಡು ಬಂದು ಕಲಬುರಗಿಯ ಸ್ಟೇಶನ್ ಬಜಾರದ ಹಣ್ಣಿನ ಅಂಗಡಿಗೆ ಇಳಿಸುತ್ತಾನೆ. ಎಷ್ಟೋ ವರ್ಷದಿಂದ ಆತನ ದಿನಚರಿ ಅದೇ. ಅದು ಬಿಟ್ಟರೆ ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ಎಣಿಸಬೇಕು.

ಗಾಡಿಯ ರೋಗ ಒಂದೇ, ಗಾಳಿ ಹಿಡಿಯುವುದು. ಟಾಕಿಯಿಂದ ಎಂಜಿನ್ನಿಗೆ ಹೋಗುವ ಡೀಸೆಲ್ ಪೈಪಿನಲ್ಲಿ ಎಲ್ಲೋ ಒಂದು ಗುಳ್ಳೆ ಗಾಳಿ ಸೇರಿತೆಂದರೆ ಮುಗಿಯಿತು, ಎಂಜಿನ್ ನಾಲ್ಕು ಸಲ ಕೆಮ್ಮಿ ನಿಂತುಬಿಡುತ್ತದೆ. ಆಮೇಲೆ ಬಾನೆಟ್ ಎತ್ತಿ, ಸ್ಕ್ರೂ ಸಡಿಲಿಸಿ, ಗುಳ್ಳೆ ಹೋಗುವವರೆಗೂ ಸಣ್ಣ ಕೈಪಂಪು ಒತ್ತಬೇಕು. ಆ ಸೇವೆ ನನ್ನದು. ನನ್ನ ಬಲಗೈ ಹೆಬ್ಬೆರಳು ನೋಡಿ ಗರಡಿಮನೆಯ ಪೈಲ್ವಾನರು ಅಸೂಯೆಪಟ್ಟಿದ್ದಾರೆ. (ಇದು ಹಿಗ್ಗಿಸಿದ್ದು.) ನನ್ನ ಹೆಬ್ಬೆರಳಿಗೂ ಬಗ್ಗದ ದಿನ ಅಪ್ಪನಿಗೆ ಫೋನ್ ಹೋಗುತ್ತಿತ್ತು. ಅಪ್ಪ ಆಫೀಸಿನಿಂದ ಅರ್ಧ ದಿನ ರಜೆ ಹಾಕಿ, ಬೇರೆ ಗಾಡಿ ತಂದು, ಹಗ್ಗ ಕಟ್ಟಿ ಎಳೆದುಕೊಂಡು ಬರುತ್ತಿದ್ದ. ಬರುವ ದಾರಿಯುದ್ದಕ್ಕೂ ಮಾತಾಡುತ್ತಿರಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಆ ದಿನ ಬೆಳಿಗ್ಗೆ ಮಂಡಕ್ಕಿಯ ಸುಸಲಾ ತಿನ್ನುತ್ತಾ ಅಪ್ಪ ತೀರ್ಪು ಕೊಟ್ಟ.

"ಇವತ್ತ ಹೋಗಿ ಬಾ, ಬ್ಯಾಡ ಅನ್ನಂಗಿಲ್ಲ. ನನಗ ಫೋನ್ ಮಾತ್ರ ಬರಬಾರದು. ಸಂಜಿಗಿ ನಾ ಬಂದಾಗ ಗಾಡಿ ಬಾಗಲದಾಗ ಇರಬೇಕು, ಚಾಲೂ ಇರಬೇಕು. ಇಲ್ಲಂದ್ರ ನಾಳಿ ಮುಂಜಾನಿ ಗುಜರಿಯವಂಗ ಹೇಳ್ತೀನಿ. ಇದ್ರ, ರಿಪೇರಿ ನಾನೇ ಮಾಡಸ್ತೀನಿ."

"ಗುಜರಿಗಿ ಹಾಕಿ ನಾ ಏನ್ ಮಾಡ್ಲಿ?" ಎಂದ ಮುತ್ಯಾ.

"ಆರಾಮ್ ಮಾಡು."

ಮುತ್ಯಾ ರುಮಾಲು ಕೊಡವಿ ಎದ್ದ. ಆರಾಮ್ ಎಂಬ ಪದವನ್ನು ಅಷ್ಟು ಬೇಜಾರಿನಿಂದ ಕೇಳಿಸಿಕೊಂಡವರನ್ನು ನಾನು ಕಂಡಿಲ್ಲ.

ಕಮಲಾಪುರಕ್ಕೆ ಹೋಗುವಾಗ ಏನೂ ಆಗಲಿಲ್ಲ. ತೋಟದಲ್ಲಿ ಗೊನೆ ತುಂಬಿ ಒಣ ಎಲೆ ಮುಚ್ಚಿದೆವು. ಕೆಂಪು ಬಾಳೆ ಬಲು ಸೂಕ್ಷ್ಮ, ಗುದ್ದು ಬಿದ್ದರೆ ಕಪ್ಪಾಗುತ್ತದೆ, ಅದಕ್ಕೇ ಮುತ್ಯಾ ಬಾಣಂತಿಯನ್ನು ಕರೆದುಕೊಂಡು ಹೋಗುವವನಂತೆ ಗಾಡಿ ಓಡಿಸುತ್ತಾನೆ. ಸೈಕಲ್ಲಿನವರು ನಮ್ಮನ್ನು ದಾಟಿ, ಮುಂದೆ ಹೋಗಿ ಚಹಾ ಕುಡಿದು, ಮತ್ತೆ ಸಿಗುತ್ತಾರೆ. ಬಿಸಿಲು ಏರಿತ್ತು. ಮಹಾಗಾಂವ ಕ್ರಾಸಿಗೆ ಬರುವಷ್ಟರಲ್ಲಿ ಗಾಡಿ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ನಿಂತಿತು.

ನಾನು ಇಳಿದು ಹೆಬ್ಬೆರಳಿನ ಸೇವೆ ಶುರುಮಾಡಿದೆ. ಒತ್ತಿದರೆ ಕೈಪಂಪಿನಲ್ಲಿ ಬಿಗಿಯೇ ಇಲ್ಲ, ಸತ್ತ ಕಪ್ಪೆಯ ಹೊಟ್ಟೆ ಒತ್ತಿದಂತೆ. ಫೋನ್ ತೆಗೆದು ಮುತ್ಯಾನ ಮುಖ ನೋಡಿದೆ. ಆತ ನನ್ನ ಕೈಯಿಂದ ಫೋನ್ ತೆಗೆದುಕೊಂಡು ತನ್ನ ಅಂಗಿಯ ಜೇಬಿಗೆ ಹಾಕಿಕೊಂಡ. ಅಪ್ಪನಿಗೆ ಫೋನ್ ಇಲ್ಲ ಎಂದು ಅದರ ಅರ್ಥ.

ಕ್ರಾಸಿನ ಹತ್ತಿರ ಮಸ್ತಾನ ಚಾಚಾನ ಗ್ಯಾರೇಜ್ ಇದೆ. ಗ್ಯಾರೇಜ್ ಎಂದರೆ ಒಂದು ಬೇವಿನ ಮರ, ಅದಕ್ಕೆ ನೇತುಹಾಕಿದ ಟೈರು. ಚಾಚಾ ಮಾತಿನಲ್ಲಿ ನನ್ನ ಗುರುವಾಗಬೇಕಾದವನು. ತಾನು ಕಣ್ಣು ಕಟ್ಟಿಕೊಂಡು ಎಂಜಿನ್ ಇಳಿಸಿ ಏರಿಸಿದ್ದೇನೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಾನೆ. ಬಂದವನೇ ಬಾನೆಟ್ಟಿನೊಳಗೆ ತಲೆ ಹಾಕಿ ಅಲ್ಲಿಂದಲೇ ಮುತ್ಯಾನಿಗೆ ಕೂಗಿ ಹೇಳಿದ.

"ಬಸಣ್ಣಾ, ಫೀಡ್ ಪಂಪ್ ಖತಂ! ಟಾಕಿಯಿಂದ ಡೀಸೆಲ್ ಎಳೆಯೋದು ಇದೇ, ಇದೇ ಸತ್ತದ. ಹೊಸದು ಶಹರದಾಗ ಸಿಗ್ತದ."

"ಶಹರಕ್ಕ ಹೋಗಾದು ಹ್ಯಾಂಗ ಮಸ್ತಾನ? ಸಂಜಿ ಒಳಗ ಗಾಡಿ ಮನಿ ಮುಂದಿರಬೇಕು. ಇಲ್ಲಂದ್ರ ಗುಜರಿ."

"ಗುಜರಿ? ನಾ ಇರೋತನಾ? ತೋಬಾ ತೋಬಾ. ಸಲೈನ್ ಹಚ್ಚಿ ಕಳಸ್ತೀನಿ ಸುಮ್ ನಿಂದ್ರು."

ಹಳೆ ಡೀಸೆಲ್ ಗಾಡಿಗಳಿಗೆ ಇದು ನಮ್ಮ ಕಡೆ ಗೊತ್ತಿರುವ ಉಪಾಯ. ಪಂಪು ಸತ್ತರೆ ಡೀಸೆಲ್ಲನ್ನು ಮೇಲಿಟ್ಟರಾಯಿತು, ತಾನಾಗಿ ಕೆಳಗೆ ಇಳಿಯುತ್ತದೆ. ಚಾಚಾ ತಳದಲ್ಲಿ ನಲ್ಲಿ ಇದ್ದ ಒಂದು ಕ್ಯಾನಿಗೆ ಡೀಸೆಲ್ ತುಂಬಿ ಕ್ಯಾಬಿನ್ನಿನ ತಲೆಯ ಮೇಲೆ ಕಟ್ಟಿದ. ಅಲ್ಲಿಂದ ಒಂದು ಪಾರದರ್ಶಕ ಪೈಪನ್ನು ನನ್ನ ಕಿಟಕಿಯ ಪಕ್ಕದಿಂದ ಇಳಿಸಿ ಬಾನೆಟ್ಟಿನೊಳಗೆ ಸೇರಿಸಿದ. ಟಾಕಿಯಿಂದ ಬರುವ ಪೈಪನ್ನು ಕಿತ್ತು, ಮಡಚಿ, ತಂತಿಯಿಂದ ಬಿಗಿದ. ಇದನ್ನು ನಾನು ಕಣ್ಣಾರೆ ನೋಡಿದೆ, ತಂತಿ ಕೊಟ್ಟವನೇ ನಾನು. ನಲ್ಲಿ ತಿರುಗಿಸಿದ, ಒಳಗಿನ ಗಾಳಿ ಹೊರಗೆ ಬಿಟ್ಟ, ಕೀಲಿ ಹಾಕಿಸಿದ. ಗಾಡಿ ಗುಡುಗಿತು.

"ಮನಿ ಮುಟ್ಟೋತನಾ ಬಂದ್ ಮಾಡಬ್ಯಾಡ," ಎಂದ ಚಾಚಾ. ನನಗೆ ಬೇರೆ ಡ್ಯೂಟಿ ಕೊಟ್ಟ: "ಏ ಬಾತೂನಿ, ಬಾಯಿ ಬಂದ್ ಇಟ್ಟು ಪೈಪ್ ನೋಡ್ಕೋತ ಕೂಡು. ಗುಳ್ಳಿ ಬಂದ್ರ ಕೂಗು."

ಚಾಚಾ ಕೈ ಒರೆಸಿಕೊಳ್ಳುತ್ತಾ ಮರದ ಕಡೆ ಹೋದ. ಮುತ್ಯಾ ಗಾಡಿಯನ್ನು ಒಂದು ಸುತ್ತು ಹಾಕಿ, ಕ್ಯಾನಿನ ಹಗ್ಗ ಎಳೆದು ನೋಡಿ ಬಂದು ಕೂತ. ಹೊರಟೆವು.

ಇಲ್ಲಿಂದ ಮುಂದೆ ನಾನು ಒಂದು ಎಳೆಯನ್ನೂ ಸೇರಿಸುವುದಿಲ್ಲ.

ಗಾಡಿ ಅಷ್ಟು ನುಣುಪಾಗಿ ಓಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಯಾವಾಗಲೂ ಅದರ ಸದ್ದಿನಲ್ಲಿ ಮಾತಾಡಬೇಕೆಂದರೆ ಕೂಗಬೇಕು. ಆ ದಿನ ಹಿಂದೆ ಒಣ ಎಲೆ ಸರಸರ ಎನ್ನುವುದೂ ಕೇಳುತ್ತಿತ್ತು. ಕನ್ನಡಿಯಲ್ಲಿ ನೋಡಿದರೆ ಹೊಗೆ ಇಲ್ಲ. ಸಣ್ಣ ಏರು ಬಂದಾಗ ಮುತ್ಯಾ ರೂಢಿಯಂತೆ ಗೇರಿಗೆ ಕೈ ಹಾಕಿದ, ಗಾಡಿ ಅಷ್ಟರಲ್ಲೇ ಏರಿಬಿಟ್ಟಿತ್ತು. ಆತ ಕೈ ಹಿಂದಕ್ಕೆ ತೆಗೆದುಕೊಂಡು ತೊಡೆಯ ಮೇಲಿಟ್ಟುಕೊಂಡ. ಭಯವೇನೂ ಇರಲಿಲ್ಲ. ಜಳ ಬೀಸುತ್ತಿತ್ತು, ಹಣ್ಣಿನ ವಾಸನೆ ಬರುತ್ತಿತ್ತು, ನನಗೆ ನಿದ್ದೆ ಬಂದ ಹಾಗೆ ಸಮಾಧಾನವಾಗಿತ್ತು. ಪೈಪ್ ನೋಡುತ್ತಲೇ ಇದ್ದೆ. ಒಂದು ಗುಳ್ಳೆಯೂ ಬರಲಿಲ್ಲ. ಪೈಪು ನೀರಿನಷ್ಟು ತಿಳಿಯಾಗಿ ಕಾಣುತ್ತಿತ್ತು. ಚಾಚಾ ಒಳ್ಳೆಯ ಡೀಸೆಲ್ ಹಾಕಿದ್ದಾನೆ ಎಂದುಕೊಂಡೆ.

ಸ್ಟೇಶನ್ ಬಜಾರದಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ಗೊನೆ ಇಳಿಸಿದೆವು. ಆಟೋದವರು ತಲೆಯ ಮೇಲಿನ ಕ್ಯಾನ್ ನೋಡಿ, "ಮುತ್ಯಾ, ಪೇಶಂಟಿಗಿ ಯಾವ ವಾರ್ಡು?" ಎಂದು ಕಾಡಿದರು. "ನಿಮ್ಮ ಆಟೋ ಸತ್ರ ನನ್ನ ಪೇಶಂಟೇ ಹೊತ್ತು ಒಯ್ಯಬೇಕು, ಸರೀರಿ" ಎಂದ ಮುತ್ಯಾ. ಬಹಳ ದಿನದ ಮೇಲೆ ಆತ ನಕ್ಕದ್ದು ನೋಡಿದೆ. ಅಲ್ಲಿಂದ ನಮ್ಮ ಮನೆಗೆ ಬಂದೆವು. ಬಾಗಿಲ ಮುಂದೆ ಗಾಡಿ ನಿಂತಿತು, ಎಂಜಿನ್ ಓಡುತ್ತಲೇ ಇತ್ತು. ಇನ್ನು ಅಪ್ಪ ಬರುವವರೆಗೆ ಓಡಿದರೆ ಗೆದ್ದಂತೆ.

ಕ್ಯಾನಿನಲ್ಲಿ ಎಷ್ಟು ಉಳಿದಿದೆಯೋ ನೋಡೋಣ ಎಂದು ನಾನು ಮೇಲೆ ಹತ್ತಿದೆ. ಕ್ಯಾನು ಬಾಯಿತನಕ ತುಂಬಿತ್ತು. ಚಾಚಾ ಹೇಗೆ ತುಂಬಿದ್ದನೋ ಹಾಗೇ. ನಲ್ಲಿ ಮುಟ್ಟಿ ನೋಡಿದೆ. ಬಂದ್ ಇತ್ತು. ಸುಮ್ಮನೆ ಬಂದ್ ಅಲ್ಲ, ಯಾರೋ ಬಲ ಹಾಕಿ ಬಿಗಿದಿದ್ದರು. ಪೈಪನ್ನು ಬೆರಳಿನಿಂದ ಚಿವುಟಿದೆ, ಹಗುರಾಗಿ ಒಳಕ್ಕೆ ಹೋಯಿತು. ಅದರಲ್ಲಿ ಡೀಸೆಲ್ಲೇ ಇರಲಿಲ್ಲ. ನಾನು ದಾರಿಯುದ್ದಕ್ಕೂ ಗುಳ್ಳೆ ಹುಡುಕುತ್ತಾ ಬಂದದ್ದು ಖಾಲಿ ಪೈಪಿನಲ್ಲಿ.

"ಮುತ್ಯಾ, ನಲ್ಲಿ ಯಾರು ಬಂದ್ ಮಾಡ್ಯಾರ?"

"ನಾನೇ," ಎಂದ ಆತ ಹೆಮ್ಮೆಯಿಂದ. "ಮಹಾಗಾಂವದಾಗ ಹನಿ ಹನಿ ಸೋರಾಕತ್ತಿತ್ತು. ಬಿಗಿ ಮಾಡಿ ಬಂದೀನಿ."

ನೀವು ಕಲಬುರಗಿಯವರಾಗಿದ್ದರೆ ಆತನನ್ನು ಬಯ್ಯುವುದಿಲ್ಲ. ನಮ್ಮ ಓಣಿಗೆ ನೀರು ಬರುವುದೇ ಮನಸ್ಸಿಗೆ ಬಂದಾಗ. ಯಾರ ಮನೆಯದಾದರೂ ಸರಿ, ನಲ್ಲಿ ಹನಿ ಹಾಕುವುದು ಕಂಡರೆ ನಮ್ಮ ಕೈ ತಾನಾಗಿ ಹೋಗಿ ಬಿಗಿಯುತ್ತದೆ. ಮದುವೆಗೆ ಹೋದರೂ ಮುತ್ಯಾ ಮೊದಲು ಕೈ ತೊಳೆಯುವ ನಲ್ಲಿಗಳನ್ನೆಲ್ಲ ತಪಾಸಣೆ ಮಾಡಿ ಬರುತ್ತಾನೆ. ಆ ಕೈಗೆ ಇದು ನೀರಲ್ಲ, ಡೀಸೆಲ್ ಎಂದು ಹೇಳುವವರು ಯಾರು?

ಕ್ಯಾನು ತುಂಬಿದೆ, ಪೈಪು ಖಾಲಿ ಎಂದು ನಾನು ಹೇಳಿದ್ದು ಆತನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬಂದು ಬಾನೆಟ್ ಎತ್ತಿದ. ಟಾಕಿಯ ಪೈಪು ಮಡಚಿದ್ದು ಮಡಚಿದ ಹಾಗೇ, ತಂತಿ ಬಿಗಿದ ಹಾಗೇ ಇತ್ತು. ಎಂಜಿನ್ ಮಾತ್ರ ಹೊಟ್ಟೆ ತುಂಬಿದ ಎಮ್ಮೆಯಂತೆ ಗುರುಗುಟ್ಟುತ್ತಿತ್ತು.

ಇದರ ಬಗ್ಗೆ ನಾನು ಆಮೇಲೆ ಎಷ್ಟೋ ಜನರನ್ನು ಕೇಳಿದ್ದೇನೆ. ಫಿಲ್ಟರಿನಲ್ಲಿ ಉಳಿದ ಡೀಸೆಲ್ಲಿನಿಂದ ಓಡಿರಬೇಕು ಎಂದರು ನಮ್ಮ ಕಾಲೇಜಿನ ಫಿಜಿಕ್ಸ್ ಸರ್. ಒಂದು ಲೋಟದಷ್ಟು ಡೀಸೆಲ್ಲಿನಲ್ಲಿ ಮಹಾಗಾಂವದಿಂದ ಇಲ್ಲಿವರೆಗೆ ಬರುವ ಹಾಗಿದ್ದರೆ ಊರಿನ ಪೆಟ್ರೋಲ್ ಪಂಪಿನವರೆಲ್ಲ ಇಷ್ಟೊತ್ತಿಗೆ ಹಣ್ಣು ಮಾರುತ್ತಿದ್ದರು. ಮಸ್ತಾನ ಚಾಚಾ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, "ಬೇಟಾ, ಸುಳ್ಳು ಹೇಳೋದು ಕಲಿಯಬೇಕಂದ್ರ ನನ್ನ ಹಂತ್ಯಾಕ ಬಾ, ಹಿಂಗ ಹೇಳಿದ್ರ ಯಾರೂ ನಂಬಂಗಿಲ್ಲ" ಎಂದ. ನಲ್ಲಿ ಒಳಗೊಳಗೇ ಸೋರುತ್ತಿರಬೇಕು ಎಂದು ಒಬ್ಬರು ಹೇಳಿದರು. ಹಾಗಾದರೆ ಕ್ಯಾನ್ ಯಾಕೆ ತುಂಬಿತ್ತು?

ಆ ಹೊತ್ತಿಗೆ ನಾನು ಇದೇನೂ ಯೋಚಿಸಲಿಲ್ಲ. ನಲ್ಲಿ ತೆರೆಯೋಣ ಎಂದು ಕೈ ಹಾಕಿದೆ. ಮುತ್ಯಾ ನನ್ನ ಕಾಲು ಹಿಡಿದು ಎಳೆದ.

"ಮುಟ್ಟಬ್ಯಾಡ ತಮ್ಮಾ. ಓಡಾಕತ್ತದ, ಓಡ್ಲಿ. ನಿಮ್ಮಪ್ಪ ಬರಲಿ, ನೋಡಲಿ."

ಆತನ ದನಿ ಸಣ್ಣಗಿತ್ತು, ಮಲಗಿದ ಕೂಸಿನ ಮಗ್ಗುಲಲ್ಲಿ ಮಾತಾಡುವವರಂತೆ. ಸಾಕ್ಷಿ ಬೇಕಲ್ಲ, ವಿಡಿಯೋ ಮಾಡುತ್ತೇನೆ, ಫೋನ್ ಕೊಡು ಮುತ್ಯಾ ಎಂದೆ. ಆತ ಜೇಬಿಗೆ ಕೈ ಹಾಕಿದ.

ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಕೈಗೆಲ್ಲ ಶಂಡಿಗೆಯ ಹಿಟ್ಟು.

"ಏನ್ ಹಚ್ಚೀರಿ ಇದು? ಮಾಳಿಗಿ ಮ್ಯಾಲ ಶಂಡಿಗಿ ಒಣ ಹಾಕೀನಿ, ಎಲ್ಲಾ ಡೀಸೆಲ್ ನಾರಬೇಕೇನು?"

"ಅವ್ವಾ, ನಿಂದ್ರು, ಹೊಗಿ ಇಲ್ಲೇ ಇಲ್ಲ, ನೋಡಿಲ್ಲಿ..." ಎನ್ನುವುದರಲ್ಲಿ ಆಕೆ ಕಿಟಕಿಯಿಂದ ಕೈ ಹಾಕಿ, ಎಂಜಿನ್ ಬಂದ್ ಮಾಡಲು ಮುತ್ಯಾ ದಿನಾ ಎಳೆಯುವ ಕರಿ ಗುಂಡಿಯನ್ನು ಎಳೆದೇಬಿಟ್ಟಳು. ಎಂಜಿನ್ ನಿಂತಿತು.

ಓಣಿಯಲ್ಲಿ ಅಷ್ಟು ಮೌನವಿದೆ ಎಂದು ನನಗೆ ಗೊತ್ತಿರಲಿಲ್ಲ. ಮುತ್ಯಾ ಓಡಿಹೋಗಿ ಕೀಲಿ ತಿರುಗಿಸಿದ. ಸ್ಟಾರ್ಟರ್ ನರಳಿತು, ಎಂಜಿನ್ ಹತ್ತಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ನಾನು ನಲ್ಲಿ ತೆರೆದೆ, ಹೆಬ್ಬೆರಳು ಕೆಂಪಾಗುವವರೆಗೆ ಕೈಪಂಪು ಒತ್ತಿದೆ. ಡೀಸೆಲ್ ಪೈಪಿಗೆ ಇಳಿಯಿತು, ಮುಂದಕ್ಕೆ ಹೋಗಲಿಲ್ಲ, ಫಿಲ್ಟರಿನಿಂದಾಚೆ ಎಲ್ಲ ಬರೀ ಗಾಳಿ. ಮುತ್ಯಾ ಇಳಿದು ಬಂದು ಕಟ್ಟೆಯ ಮೇಲೆ ಕೂತ. ಎಲೆ ಅಡಿಕೆಯನ್ನೂ ಅಗಿಯಲಿಲ್ಲ.

ಅವ್ವ ಆತನ ಮುಖ ನೋಡಿದಳು, ಗಾಡಿ ನೋಡಿದಳು, ಬೆಳಗಿನ ಮಾತು ಆಕೆಗೆ ನೆನಪಾಗಿರಬೇಕು. ಸೆರಗಿಗೆ ಕೈ ಒರೆಸಿಕೊಂಡಳು.

"ಮಾವಾರ, ಹಂಗ್ಯಾಕ ಕುಂತೀರಿ? ಗಾಡಿ ಮನಿಗಿ ಬಂದದ, ಚಾಲೂ ಇತ್ತು, ಸದ್ದು ನನ್ನ ಕಿವಿಲೆ ಕೇಳೀನಿ. ಬಂದ್ ಮಾಡಿದಾಕಿ ನಾನು. ಅವರು ಬರಲಿ, ಗುಜರಿಗಿ ಹಾಕಾದಿದ್ರ ಮೊದಲು ನನ್ನ ಹಾಕ್ರಿ ಅಂತೀನಿ."

ನಮ್ಮ ಮನೆಯಲ್ಲಿ ಅವ್ವನ ಮಾತಿನ ಮೇಲೆ ಅಪೀಲು ಇಲ್ಲ. ಮುತ್ಯಾ ಕಣ್ಣೊರೆಸಿಕೊಂಡು ರುಮಾಲು ಸರಿ ಮಾಡಿಕೊಂಡ.

ನಾನು ಮಾತ್ರ ಬಾನೆಟ್ ಹಿಡಿದುಕೊಂಡೇ ನಿಂತಿದ್ದೆ. ಯಾಕೆಂದರೆ ಆ ಕರಿ ಗುಂಡಿ ಮಾಡುವ ಕೆಲಸ ಒಂದೇ, ಎಂಜಿನ್ನಿಗೆ ಹೋಗುವ ಡೀಸೆಲ್ ತಡೆಯುವುದು. ಅವ್ವ ಅದನ್ನು ಎಳೆದಾಗ ತಡೆದದ್ದು ಏನನ್ನು?

"ಲೇ, ಬಾಯಿ ತಕ್ಕೊಂಡು ಏನ್ ನಿಂತಿ," ಎಂದಳು ಅವ್ವ, "ಕೈ ತೊಳಕೊಂಡು ಬಾ, ರೊಟ್ಟಿ ಆರಾಕತ್ತಾವ."